ನೊಣದಕ್ಕನ ಸಾಕ್ಷಿ

ನಮ್ಮ ಬೀದಿಯ ತುದಿಯಲ್ಲಿರುವ ಬೇಕರಿಗೆ ಸೊಸೆಯಾಗಿ ಬಂದವಳನ್ನು ಅವಳ ಕಚೇರಿಯಲ್ಲಿ ಎಲ್ಲರೂ ನೊಣದಕ್ಕ ಎಂದು ಕರೆಯುತ್ತಾರೆ ಎನ್ನುವುದು ಬೀದಿಯವರಿಗೆ ಗೊತ್ತಾಗಲು ಮೂರು ವರ್ಷ ಹಿಡಿಯಿತು. ಅವಳ ಅತ್ತೆಗೂ ಗೊತ್ತಾದದ್ದು ಆಗಲೇ. ಮದುವೆ ಮಾತುಕತೆಯಲ್ಲಿ ಹುಡುಗಿಗೆ ಏನು ಕೆಲಸ ಎಂದು ಕೇಳಿದ್ದಕ್ಕೆ ಅವಳ ಅಪ್ಪ, ಪೊಲೀಸ್ ಪ್ರಯೋಗಾಲಯದಲ್ಲಿ, ಬಹಳ ತಾಳ್ಮೆ ಬೇಡುವ ಕೆಲಸ ಎಂದಷ್ಟೇ ಹೇಳಿ ಎರಡು ಸಲ ಕೆಮ್ಮಿದ್ದರು. ತಾಳ್ಮೆ ಎಂಬ ಮಾತು ಕೇಳಿ ಅತ್ತೆಗೆ ಬಹಳ ಸಂತೋಷವಾಗಿತ್ತಂತೆ. ಸೊಸೆಗೆ ಬೇಕಾದದ್ದು ಇನ್ನೇನು?

ನಿಜ ಹೇಳಬೇಕೆಂದರೆ ಅವಳು ಹೋಗಿದ್ದು ಟೈಪಿಸ್ಟ್ ಕೆಲಸಕ್ಕೆ. ಅಲ್ಲಿ ಇದ್ದ ಕುರ್ಚಿಗಳಿಗಿಂತ ಆಯ್ಕೆಯಾದ ಟೈಪಿಸ್ಟರು ಒಬ್ಬರು ಹೆಚ್ಚಾಗಿದ್ದರು, ಆ ಒಬ್ಬರು ಇವಳು. ಹುಳದ ಕೋಣೆಯಲ್ಲಿ ಅಟೆಂಡರ್ ಜಾಗ ಖಾಲಿ ಇದೆ, ಬೇಕಾದರೆ ನೋಡಿ ಎಂದರು. ಇವಳಿಗಿಂತ ಮುಂಚೆ ನಾಲ್ವರು ಬಂದು ಬಿಟ್ಟುಹೋಗಿದ್ದರು. ಅವರಲ್ಲಿ ಒಬ್ಬ ಬೆಳಿಗ್ಗೆ ಸೇರಿ ಊಟಕ್ಕೆಂದು ಎದ್ದವನು ವಾಪಸು ಬಂದಿರಲೇ ಇಲ್ಲ, ಅವನ ಛತ್ರಿ ಇನ್ನೂ ಅಲ್ಲೇ ಇತ್ತು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಬಾಯಿಗೆ ತೆಳುಬಟ್ಟೆ ಕಟ್ಟಿದ ಗಾಜಿನ ಜಾಡಿಗಳು, ಒಂದೊಂದರಲ್ಲೂ ಒಂದು ತುಂಡು ಲಿವರ್, ಅದರ ಮೇಲೆ ಮಿಜಿಮಿಜಿ ಎನ್ನುವ ಬಿಳಿ ಹುಳುಗಳು. ವಿಭಾಗದ ಸಾಹೇಬರು ಮೂಗಿಗೆ ಕರ್ಚೀಫು ಒತ್ತಿಕೊಂಡು ಬಾಗಿಲಲ್ಲೇ ನಿಂತಿದ್ದರು. ಇವಳು ಒಂದು ಸುತ್ತು ನೋಡಿ ಬಂದು ಕೇಳಿದಳು.

"ಇವಕ್ಕೆ ಊಟ ಎಷ್ಟು ಹೊತ್ತಿಗೆ ಹಾಕ್ತೀರಿ ಸರ್?"

ಸಾಹೇಬರು ಅವತ್ತೇ ಕಾಗದಕ್ಕೆ ಸಹಿ ಹಾಕಿದರು.

ಅವಳ ಕೆಲಸ ಕೇಳಲು ವಿಚಿತ್ರವಾದರೂ ಅರ್ಥ ಮಾಡಿಕೊಳ್ಳುವುದು ಸುಲಭ. ಯಾರಾದರೂ ಸತ್ತು ಬಿದ್ದಿದ್ದರೆ ಪೊಲೀಸರಿಗಿಂತ, ನೆಂಟರಿಗಿಂತ ಮೊದಲು ಹಾಜರಾಗುವುದು ನೊಣ. ಬಂದದ್ದೇ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದು ಹುಳುವಾಗುತ್ತದೆ, ಹುಳು ಎರಡು ಸಲ ಚರ್ಮ ಬದಲಿಸಿ ದಪ್ಪಗಾಗುತ್ತದೆ, ಆಮೇಲೆ ಕಂದು ಚಿಪ್ಪಿನೊಳಗೆ ಮಲಗಿ ರೆಕ್ಕೆ ಮೂಡಿಸಿಕೊಂಡು ನೊಣವಾಗಿ ಹಾರುತ್ತದೆ. ಇಷ್ಟಕ್ಕೆಲ್ಲ ಇಂತಿಷ್ಟು ಶಾಖದಲ್ಲಿ ಇಂತಿಷ್ಟು ಹೊತ್ತು ಎಂಬ ಲೆಕ್ಕವಿದೆ. ಹೆಣದ ಮೇಲೆ ಸಿಕ್ಕ ಹುಳುವಿನ ವಯಸ್ಸು ಗೊತ್ತಾದರೆ, ಆ ಮನುಷ್ಯ ಕಡೇಪಕ್ಷ ಎಷ್ಟು ದಿನದ ಹಿಂದೆ ಸತ್ತ ಎಂದು ಹೇಳಬಹುದು. ಲೆಕ್ಕ ಹಾಕುವುದು ಸಾಹೇಬರು. ಹುಳು ಹೆಕ್ಕುವುದು, ಸಾಕುವುದು, ಸಾಕಿ ಅದು ಯಾವ ಜಾತಿಯ ನೊಣವೆಂದು ತೋರಿಸುವುದು ನಮ್ಮ ನೊಣದಕ್ಕ. ವಾರಕ್ಕೊಮ್ಮೆ ಅವಳು ಕಚೇರಿ ಹತ್ತಿರದ ಮಾಂಸದಂಗಡಿಗೆ ಹೋಗಿ ಲಿವರ್ ತರುತ್ತಿದ್ದಳು. ಮನೆಯಲ್ಲಿ ಎಲ್ಲರಿಗೂ ರಕ್ತ ಕಡಿಮೆಯೇ ಎಂದು ಅಂಗಡಿಯವನು ಕನಿಕರದಿಂದ ಕೇಳಿದ್ದಕ್ಕೆ, ಮಕ್ಕಳು ಜಾಸ್ತಿ ಎಂದಿದ್ದಳು.

ಗಂಡನಿಗೆ ಮಾತ್ರ ಮದುವೆಗೆ ಮುಂಚೆಯೇ ಎಲ್ಲ ಹೇಳಿದ್ದಳು. ಅವನೋ ನೊಣದ ಜನ್ಮವೈರಿ. ಬೇಕರಿಯ ಮೂಲೆಮೂಲೆಯಲ್ಲೂ ಅಂಟುಕಾಗದ ತೂಗುಹಾಕಿದ್ದವನು. "ನಿನ್ನ ಜೊತೆ ಅವು ಬರಲ್ಲ ತಾನೇ?" ಎಂದು ಕೇಳಿದನಂತೆ. ಬರಲ್ಲ ಎಂದು ಇವಳು ಮಾತು ಕೊಟ್ಟಳು. ಆ ಮಾತನ್ನು ಮೂರು ವರ್ಷ ಉಳಿಸಿಕೊಂಡಳು.

ನಾಲ್ಕನೇ ವರ್ಷದ ಚಳಿಗಾಲದ ಕೊನೆಯಲ್ಲಿ, ಪ್ರಯೋಗಾಲಯದಲ್ಲಿ ಹುಳುಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಸುಟ್ಟುಹೋಯಿತು. ರಿಪೇರಿಯವನು ಇವತ್ತು ನಾಳೆ ಎಂದು ಸತಾಯಿಸಿದ. ಒಂದು ಜಾಡಿಯ ತುಂಬ ಚಿಪ್ಪಿನೊಳಗೆ ಮಲಗಿದ್ದ ಮರಿಗಳಿದ್ದವು, ಒಂಬತ್ತು ವರ್ಷದಿಂದ ಕಾಪಾಡಿಕೊಂಡು ಬಂದ ವಂಶ. ರಾತ್ರಿಯ ಚಳಿಗೆ ಅವು ಸತ್ತರೆ ಹೊಸದಾಗಿ ಶುರುಮಾಡಬೇಕು. ಅವಳಿಗೆ ತಿಳಿದಿದ್ದ ಮಟ್ಟಿಗೆ ಊರಲ್ಲೆಲ್ಲ ಹಗಲೂ ರಾತ್ರಿ ಒಂದೇ ಹದದ ಬಿಸಿ ಇರುವ ಜಾಗ ಒಂದೇ, ತನ್ನ ಗಂಡನ ಒಲೆಯ ಪಕ್ಕ ಹಿಟ್ಟು ಉಬ್ಬಲು ಇಡುವ ಅಟ್ಟಣೆ. ಜಾಡಿಯನ್ನು ಟವೆಲಿನಲ್ಲಿ ಸುತ್ತಿ ತಂದು, ಮೈದಾ ಡಬ್ಬಿಗಳ ಹಿಂದೆ ಇಟ್ಟಳು. ಎರಡೇ ದಿನ, ಯಾರಿಗೂ ಗೊತ್ತಾಗಲ್ಲ ಎಂದುಕೊಂಡಳು.

ಎರಡನೇ ಬೆಳಿಗ್ಗೆ ಅತ್ತೆ ಕೇಕಿಗೆ ಒಣದ್ರಾಕ್ಷಿ ಹುಡುಕುತ್ತಿದ್ದರು. ಕನ್ನಡಕ ಗಲ್ಲಾಪೆಟ್ಟಿಗೆಯ ಮೇಲಿತ್ತು. ಡಬ್ಬಿಗಳ ಹಿಂದೆ ಕೈಹಾಕಿದರೆ ಜಾಡಿ ಸಿಕ್ಕಿತು. ತಳದಲ್ಲಿ ಕಂದು ಕಂದಾಗಿ ಕಾಣಿಸಿದ್ದು ಒಣದ್ರಾಕ್ಷಿಯೇ ಇರಬೇಕು, ಸೊಸೆ ಜೋಪಾನವಾಗಿ ಬಟ್ಟೆ ಬೇರೆ ಕಟ್ಟಿದ್ದಾಳೆ ಎಂದು ಮೆಚ್ಚಿಕೊಳ್ಳುತ್ತಲೇ ದಾರ ಬಿಚ್ಚಿದರು. ಒಲೆಯ ಬಿಸಿಗೆ ಮರಿಗಳು ಅಂದುಕೊಂಡದ್ದಕ್ಕಿಂತ ಒಂದು ದಿನ ಮುಂಚೆಯೇ ಎದ್ದಿದ್ದವು. ಇನ್ನೂರಕ್ಕೂ ಹೆಚ್ಚು ನೊಣಗಳು, ಹಸಿರುನೀಲಿಯಾಗಿ ಮಿರಮಿರ ಮಿನುಗುತ್ತ, ಅತ್ತೆಯ ಮುಖವನ್ನು ದಾಟಿಕೊಂಡು ಅಂಗಡಿಗೆ ನುಗ್ಗಿದವು. ಆಗ ಅಂಗಡಿಯಲ್ಲಿ ಐದಾರು ಜನ ಗಿರಾಕಿಗಳಿದ್ದೆವು. ನನ್ನ ಕೈಯಲ್ಲಿ ಅರ್ಧ ತಿಂದ ಬನ್ನಿತ್ತು. ಇನ್ನರ್ಧದ ಮೇಲೆ ಬಂದು ಕೂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬೇಕರಿ ಎರಡು ದಿನ ಮುಚ್ಚಿತ್ತು. ಗಂಡ ಗೋಡೆಯಿಂದ ಹಿಡಿದು ತಕ್ಕಡಿವರೆಗೆ ಎಲ್ಲವನ್ನೂ ತೊಳೆದ, ಹೆಂಡತಿಯನ್ನು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು ಎಂದು ಅವಳು ಆಮೇಲೆ ನನಗೆ ಹೇಳಿದ್ದುಂಟು. ಅತ್ತೆ ಎಲ್ಲವನ್ನೂ ಕೇಳಿ ತಿಳಿದುಕೊಂಡರು, ಹುಳು, ಲಿವರ್, ಹೆಣ, ಒಂದನ್ನೂ ಬಿಡದೆ. ಕೇಳಿದ ಮೇಲೆ ಸೊಸೆಯ ಜೊತೆ ಮಾತು ಬಿಟ್ಟರು. ಒಂದೇ ಮೇಜಿಗೆ ಊಟಕ್ಕೆ ಕೂತರೂ ಮಾತೆಲ್ಲ ಮಗನ ಮೂಲಕವೇ. "ನಿನ್ನ ಹೆಂಡತಿಗೆ ಹೇಳಪ್ಪ, ಉಪ್ಪು ಅವಳ ಎಡಗೈ ಪಕ್ಕದಲ್ಲೇ ಇದೆ ಅಂತ." ಮಗ ಪಾಪ, ತಲೆ ತಗ್ಗಿಸಿಕೊಂಡೇ, ಉಪ್ಪು ಎಡಗೈ ಪಕ್ಕದಲ್ಲಿದೆಯಂತೆ ಎನ್ನುತ್ತಿದ್ದ. ಹನ್ನೊಂದು ದಿನ ಹೀಗೇ ನಡೆಯಿತು.

ಅತ್ತೆಗೆ ಒಂದು ಚಟವಿತ್ತು. ಪತ್ರಿಕೆ ಬಂದರೆ ಮೊದಲು ತೆಗೆಯುವುದು ಕಳ್ಳತನ, ಕೊಲೆ, ಮೋಸಗಳ ಪುಟ. ಉಳಿದ ಪುಟಗಳು ಬನ್ನು ಕಟ್ಟಲು. ಹನ್ನೆರಡನೇ ದಿನ ಆ ಪುಟದಲ್ಲಿ ಒಂದು ಸುದ್ದಿ ಬಂತು. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದ ನಿವೃತ್ತ ಡ್ರಾಯಿಂಗ್ ಮೇಷ್ಟರು ಭಾನುವಾರ ಕುರ್ಚಿಯಲ್ಲೇ ಸತ್ತಿದ್ದು ಕಂಡುಬಂದಿದೆ. ಶುಕ್ರವಾರವಷ್ಟೇ ಅವರು ಫ್ಲ್ಯಾಟನ್ನು ತಮ್ಮನ ಮಗನಿಗೆ ಬರೆದುಕೊಟ್ಟಿದ್ದಾರೆ. ಮೇಷ್ಟರ ತಂಗಿ ಇದನ್ನು ನಂಬುತ್ತಿಲ್ಲ. ಪ್ರಯೋಗಾಲಯದವರು ಕೀಟಗಳ ಮಾದರಿ ತೆಗೆದುಕೊಂಡು ಹೋಗಿದ್ದಾರೆ. ಅತ್ತೆ ಕೊನೆಯ ಸಾಲನ್ನು ಎರಡು ಸಲ ಓದಿದರು. ಕನ್ನಡಕ ಸರಿಮಾಡಿಕೊಂಡರು. ಮಗನ ಕಡೆ ನೋಡದೆ ನೇರವಾಗಿ ಸೊಸೆಯನ್ನೇ ಕೇಳಿದರು.

"ಈ ಮೇಷ್ಟ್ರ ಕೇಸು ನಿನ್ನ ಹತ್ರಾನೇ ಬಂದಿದೆಯೇನೇ?"

"ಹೇಳೋ ಹಾಗಿಲ್ಲ ಅತ್ತೆ," ಎಂದಳು ಸೊಸೆ, ಚಪಾತಿ ಮುರಿಯುತ್ತ. ಆಮೇಲೆ ನಿಧಾನವಾಗಿ ಸೇರಿಸಿದಳು. "ಆದ್ರೆ ಇಷ್ಟು ದಿನ ನೀವು ಮಾತು ಬಿಟ್ಟಿದ್ರಲ್ಲ, ಬಂದಿಲ್ಲ ಅಂತ ಸುಳ್ಳು ಹೇಳೋಕೂ ಅವಕಾಶ ಸಿಗಲಿಲ್ಲ."

ಅಲ್ಲಿಗೆ ಮೌನ ಮುರಿಯಿತು. ಅಂದಿನಿಂದ ಅತ್ತೆ ಬಾಯಿಬಿಡಿಸಲು ಏನೆಲ್ಲ ಪಟ್ಟು ಹಾಕಿದರೂ ಸೊಸೆ ಒಂದಕ್ಷರ ಬಿಡಲಿಲ್ಲ. ಪ್ರಕರಣ ಕೋರ್ಟಿನಲ್ಲಿ ತೆರೆದ ಮೇಲಷ್ಟೇ ಎಲ್ಲರಿಗೂ ತಿಳಿದದ್ದನ್ನು ಈಗ ಹೇಳುತ್ತೇನೆ.

ಆ ಭಾನುವಾರ ಮಧ್ಯಾಹ್ನ ಪೊಲೀಸರು ಬಾಗಿಲು ಒಡೆದಾಗ ಫ್ಲ್ಯಾಟಿನ ಕಿಟಕಿಗಳೆಲ್ಲ ಬಿಗಿಯಾಗಿ ಮುಚ್ಚಿದ್ದವು. ಎಸಿ ಹದಿನೆಂಟರಲ್ಲಿ ಓಡುತ್ತಿತ್ತು. ನೊಣದಕ್ಕ ತನ್ನ ಪೆಟ್ಟಿಗೆ ಹಿಡಿದು ಹೋದಾಗ ಒಬ್ಬ ಕಾನ್‌ಸ್ಟೇಬಲ್ ಎಸಿ ಸ್ವಿಚ್ಚಿನ ಮೇಲೆ ಬೆರಳಿಟ್ಟಿದ್ದ. "ಕೈ ತೆಗೀರಿ ಅಣ್ಣ. ಮೊದಲು ನನ್ನ ಕೆಲಸ ಮುಗೀಲಿ," ಎಂದಳು. ಅವಳಿಗೆ ಬೇಕಾದದ್ದು ಕೋಣೆ ಇದ್ದ ಹಾಗೆಯೇ ಇರುವುದು. ಕುರ್ಚಿಯ ಹತ್ತಿರ, ನೆಲದ ಹತ್ತಿರ, ಕಿಟಕಿಯ ಹತ್ತಿರ ಶಾಖ ಅಳೆದು ಬರೆದುಕೊಂಡಳು. ಹುಳುಗಳಲ್ಲಿ ದೊಡ್ಡವನ್ನು ಹುಡುಕಿ ಹೆಕ್ಕಿದಳು. ಅರ್ಧದಷ್ಟನ್ನು ಬಿಸಿನೀರಿಗೆ ಹಾಕಿ ಸ್ಪಿರಿಟ್ ಬಾಟಲಿಗೆ ಸೇರಿಸಿದಳು, ಇನ್ನರ್ಧವನ್ನು ಸಾಕಲು ಲಿವರ್ ಇದ್ದ ಡಬ್ಬಿಗೆ ಹಾಕಿಕೊಂಡಳು. ಹೊರಡುವ ಮುನ್ನ ಮೇಷ್ಟರ ಮುಖ ನೋಡಿ, ಹೋಗಿಬರ್ತೀನಿ ಎಂದು ತುಟಿಯಲ್ಲೇ ಅಂದಳಂತೆ. ಎಲ್ಲಿ ಹೋದರೂ ಅದು ಅವಳ ರೂಢಿ.

ಮೇಷ್ಟರದು ಹೃದಯಾಘಾತ, ಯಾರೂ ಕೈಮಾಡಿಲ್ಲ ಎಂದು ವೈದ್ಯರು ಖಚಿತವಾಗಿ ಹೇಳಿದರು. ಯಾವತ್ತು ಸತ್ತದ್ದು ಎಂದು ಕೇಳಿದಾಗ ಮಾತ್ರ, ಕೋಣೆ ಇಷ್ಟು ತಣ್ಣಗಿದ್ದರೆ ಎರಡು ದಿನವೂ ಇರಬಹುದು, ಆರು ದಿನವೂ ಇರಬಹುದು ಎಂದು ಕೈಚೆಲ್ಲಿದರು. ಮರುದಿನವೇ ತಮ್ಮನ ಮಗ ಇನ್ನೂ ನೋಂದಣಿಯಾಗದ ದಾನಪತ್ರ ಹಿಡಿದು ಬಂದ. ಶುಕ್ರವಾರ ದೊಡ್ಡಪ್ಪ ತಾವೇ ಬಾಡಿಗೆ ಕಾರಿನಲ್ಲಿ ಪತ್ರ ಬರೆಯುವವನ ಕಚೇರಿಗೆ ಬಂದರು, ಕೈ ನಡುಗುತ್ತಿದ್ದುದರಿಂದ ಸಹಿಯ ಬದಲು ಹೆಬ್ಬೆಟ್ಟು ಒತ್ತಿದರು ಎಂದ. ತಾನು ಅವರ ಮನೆಯ ಹೊಸ್ತಿಲು ತುಳಿದು ಆರು ತಿಂಗಳಾಯಿತು ಎಂದೂ ಹೇಳಿದ. ಪತ್ರ ಬರೆಯುವವನು ಅವನ ಗೆಳೆಯನೇ, ಅವನೂ ಅದನ್ನೇ ಹೇಳಿದ. ಹೆಬ್ಬೆಟ್ಟು ಪರೀಕ್ಷೆ ಮಾಡಿದರೆ ಅದು ಮೇಷ್ಟರದೇ.

ಮೇಷ್ಟರ ತಂಗಿ ಒಪ್ಪಲಿಲ್ಲ. ಅಣ್ಣ ಹಾಲಿನವನ ಚೀಟಿಗೂ ಮೂರು ಹಕ್ಕಿ ಹಾರುವ ಹಾಗೆ ಸಹಿ ಹಾಕುತ್ತಿದ್ದರು, ಹೆಬ್ಬೆಟ್ಟು ಒತ್ತುವುದಕ್ಕಿಂತ ಬಾಯಲ್ಲಿ ಪೆನ್ಸಿಲ್ ಕಚ್ಚಿಕೊಂಡಾದರೂ ಬರೆಯುತ್ತಿದ್ದರು ಎಂದರು. ಮಾತು ಸರಿಯೇ, ಆದರೆ ಕೋರ್ಟಿಗೆ ಅಷ್ಟು ಸಾಲದು ಎಂದು ಇನ್‌ಸ್ಪೆಕ್ಟರ್ ಹೇಳಿದ.

ಇತ್ತ ಡಬ್ಬಿಯಲ್ಲಿ ಹುಳುಗಳು ಬೆಳೆದು, ಮಲಗಿ, ನೊಣಗಳಾಗಿ ಎದ್ದವು. ಜಾತಿ ಗೊತ್ತಾಯಿತು. ಸಾಹೇಬರು ಅದೇ ಫ್ಲ್ಯಾಟಿನಲ್ಲಿ ಒಂದು ವಾರ ಎಸಿ ಓಡಿಸಿ, ತಾಸುತಾಸಿಗೂ ಶಾಖ ದಾಖಲಿಸಿ ಲೆಕ್ಕ ಹಾಕಿದರು. ಆ ತಂಪಿನಲ್ಲಿ ಹುಳು ಅಷ್ಟು ದೊಡ್ಡದಾಗಬೇಕಾದರೆ ಸುಮಾರು ಐದು ದಿನ ಬೇಕು. ಅಂದರೆ ಮೊಟ್ಟೆ ಇಟ್ಟದ್ದು ಮಂಗಳವಾರ. ಶುಕ್ರವಾರ ಆ ಹೆಬ್ಬೆಟ್ಟು ಮೇಷ್ಟರದೇ ಆಗಿತ್ತು, ಸಂದೇಹವಿಲ್ಲ, ಆದರೆ ಹೆಬ್ಬೆಟ್ಟಿನ ಹಿಂದೆ ಮೇಷ್ಟರು ಇರಲಿಲ್ಲ.

ಹಾಗಾದರೆ ಯಾರೋ ಮನೆಯೊಳಗೆ ಹೋಗಿದ್ದಾರೆ. ಯಾರು? ಬೀಗ ಒಡೆದಿರಲಿಲ್ಲ. ಬೆರಳಿನ ಗುರುತುಗಳನ್ನು ಚೊಕ್ಕವಾಗಿ ಒರೆಸಲಾಗಿತ್ತು.

ಹುಳದ ಕೋಣೆಯ ಪಕ್ಕದಲ್ಲಿ ಹೊಸದಾಗಿ ಒಂದು ವಿಭಾಗ ತೆರೆದಿದ್ದರು. ಅಲ್ಲಿನ ವಿಜ್ಞಾನಿಗೆ ಎಲ್ಲರೂ ಇಟ್ಟ ಹೆಸರು ಗಾಳಿ ಮೇಡಂ. ನೀರು, ಮಣ್ಣು, ಗಾಳಿಯ ಧೂಳು ಇಂಥವುಗಳಿಂದ ಡಿಎನ್‌ಎ ಹುಡುಕಿ ತೆಗೆಯುವುದು ಅವರ ಕೆಲಸ. ಮನುಷ್ಯನಾಗಲಿ ಪ್ರಾಣಿಯಾಗಲಿ, ಹೋದಲ್ಲೆಲ್ಲ ಚರ್ಮದ ಹೊಟ್ಟು, ಕೂದಲು, ಎಂಜಲು ಉದುರಿಸುತ್ತಲೇ ಹೋಗುತ್ತದೆ, ನೀವು ಹೊರಟುಹೋದ ಮೇಲೂ ಕೋಣೆಯಲ್ಲಿ ಸ್ವಲ್ಪ ಉಳಿದೇ ಇರುತ್ತೀರಿ ಎಂದು ಚಹಾ ಹೊತ್ತಿನಲ್ಲಿ ಅವರು ಹೇಳುತ್ತಿದ್ದರು. ಅವರೂ ನೊಣದಕ್ಕನೂ ಒಬ್ಬರನ್ನೊಬ್ಬರು ಛೇಡಿಸುವುದು ದಿನದ ಮಾತು. ಗಾಳಿ ಹಿಡಿಯುವ ಕೆಲಸಕ್ಕೂ ಸಂಬಳ ಕೊಡ್ತಾರಾ ಎಂದು ಇವಳು, ನಿಮ್ಮ ಜಾಡಿ ಪಕ್ಕ ಇಟ್ಟ ಬಿಸ್ಕತ್ತು ನನಗೆ ಬೇಡ ಎಂದು ಅವರು.

ಮೇಷ್ಟರ ಕೇಸಿನಲ್ಲಿ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ ನೊಣದಕ್ಕನಿಗೆ ಈ ಚಹಾ ಮಾತು ನೆನಪಾಯಿತು. ಕೋಣೆಯ ಗಾಳಿಯನ್ನೆಲ್ಲ ದಿನಗಟ್ಟಲೆ ಒಳಗೆಳೆದುಕೊಂಡು ಸೋಸಿದ್ದು ಎಸಿ ತಾನೇ? ಅದರ ಜಾಳಿಗೆಯಲ್ಲಿ, ಅಂದರೆ ಫಿಲ್ಟರಿನಲ್ಲಿ, ಧೂಳು ಹಾಗೇ ಕೂತಿರಬೇಕು. ಸಾಹೇಬರು ಎಸಿ ಓಡಿಸಿ ಶಾಖ ಅಳೆಯುವುದಕ್ಕೆ ಮುಂಚೆಯೇ, ಹೆಣ ಸಾಗಿಸಿದ ಸಂಜೆಯೇ, ಅದರಲ್ಲಿದ್ದ ಜಾಳಿಗೆಯನ್ನು ತೆಗೆದು ಕಾಗದದ ಚೀಲಕ್ಕೆ ಹಾಕಿ ಮೊಹರು ಮಾಡಿಸಿದ್ದಳು. ಯಾಕೆ ತೆಗೆದೆ ಎಂದು ಆಗ ಕೇಳಿದ್ದರೆ ಅವಳಿಗೆ ಉತ್ತರ ಗೊತ್ತಿರಲಿಲ್ಲ. ಧೂಳು ತುಂಬಿದ್ದನ್ನು ಕಂಡರೆ ಸುಮ್ಮನಿರಲಾಗದ ಸ್ವಭಾವ, ಅಷ್ಟೇ. ಈಗ ಆ ಚೀಲ ತಂದು ಗಾಳಿ ಮೇಡಂ ಮೇಜಿನ ಮೇಲಿಟ್ಟಳು.

ಹತ್ತು ದಿನದ ಮೇಲೆ ಮೇಡಂ ಪಟ್ಟಿ ಹಿಡಿದು ಬಂದರು. ಮನುಷ್ಯರದು ಒಬ್ಬರ ಮೇಲೊಬ್ಬರದು ಬೆರೆತುಹೋಗಿತ್ತು, ಬೇರ್ಪಡಿಸಲು ಆಗಲಿಲ್ಲ. ಆದರೆ ಉಳಿದದ್ದನ್ನು ಅವರು ಗಂಭೀರವಾಗಿ ಓದಿದರು. ಮೊಲ. ಬಿಳಿ ಇಲಿ. ಎರಡು ಜಾತಿಯ ಗಿಳಿ. ಪಾರಿವಾಳ.

"ಮೇಷ್ಟ್ರು ಮನೇಲಿ ಬೆಕ್ಕೂ ಇರಲಿಲ್ಲ ಮೇಡಂ," ಎಂದಳು ನೊಣದಕ್ಕ.

"ಹಾಗಾದ್ರೆ ಯಾರೋ ಒಂದು ಮೃಗಾಲಯಾನೇ ಮೈಮೇಲೆ ಹೊತ್ಕೊಂಡು ಬಂದಿದ್ದಾರೆ," ಎಂದರು ಮೇಡಂ.

ಸುದ್ದಿ ಕೇಳಿ ಇನ್‌ಸ್ಪೆಕ್ಟರ್ ಫೋನಿನಲ್ಲೇ ನಗತೊಡಗಿದ. ತಮ್ಮನ ಮಗನಿಗೆ ಇದ್ದದ್ದು ಸಾಕುಪ್ರಾಣಿಗಳ ಅಂಗಡಿ. ಪಾರಿವಾಳ ಕಿಟಕಿಯಿಂದಲೂ ಬಂದಿರಬಹುದು ಎಂದು ಮೇಡಂ ಎಚ್ಚರಿಸಿದರು. ಡಿಎನ್‌ಎ ಯಾವ ದಿನದ್ದೆಂದೂ ಹೇಳಲಾಗದು, ಆರು ತಿಂಗಳ ಹಿಂದಿನದೂ ಇರಬಹುದು ಎಂದರು. ಅದಕ್ಕೂ ಉತ್ತರ ಸಿಕ್ಕಿತು. ಮೇಷ್ಟರು ಸಾಯುವುದಕ್ಕೆ ಹತ್ತು ದಿನ ಮುಂಚೆಯಷ್ಟೇ ಮೆಕಾನಿಕ್ ಬಂದು ಜಾಳಿಗೆ ಬದಲಿಸಿದ್ದ, ತಾರೀಕು ಬರೆದ ಚೀಟಿ ಎಸಿಗೇ ಅಂಟಿಸಿತ್ತು.

ವಿಚಾರಣೆಯ ದಿನ ಕೋರ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಳು ಹೆಕ್ಕಿದವಳು ಎಂದು ನೊಣದಕ್ಕನಿಗೂ ಸಾಕ್ಷಿ ಹೇಳಲು ಕರೆ ಬಂದಿತ್ತು. ಅತ್ತೆ, ಕೋರ್ಟಿನ ಕಟ್ಟಡ ಹೇಗಿದೆ ನೋಡಿಬರ್ತೀನಿ ಎಂದು ನೆಪ ಹೇಳಿ, ಒಂದು ಚೀಲ ಬನ್ನಿನೊಡನೆ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ನಾನಿದ್ದೆ.

ತಮ್ಮನ ಮಗನ ವಕೀಲ ಸಾಹೇಬರನ್ನು ಹೆಚ್ಚು ಕೆಣಕಲಿಲ್ಲ. ಈಕೆ ಸುಲಭದ ತುತ್ತು ಎಂದುಕೊಂಡಿರಬೇಕು, ಇವಳನ್ನೇ ಹಿಡಿದ. ನೀವು ವಿಜ್ಞಾನಿಯೇ ಎಂದು ಕೇಳಿದ. ಅಲ್ಲ, ಅಟೆಂಡರ್ ಎಂದಳು. ಹಾಗಾದರೆ ಹುಳುವಿನ ವಯಸ್ಸಿನ ಬಗ್ಗೆ ನಿಮಗೇನು ಗೊತ್ತು ಎಂದ.

"ಲೆಕ್ಕ ಹಾಕಿದ್ದು ನಮ್ಮ ಸಾಹೇಬ್ರು, ನಾನು ಬರೀ ಸಾಕಿದ್ದು," ಎಂದಳು ನೊಣದಕ್ಕ. "ಆದ್ರೆ ಸಾಕಿದೋರಿಗೆ ವಯಸ್ಸು ಗೊತ್ತಾಗುತ್ತಲ್ವಾ ಸ್ವಾಮಿ?"

ತಂಪಿನಲ್ಲಿ ಹುಳು ನಿಧಾನ ಬೆಳೆಯುತ್ತದೆ ಎಂಬುದನ್ನು ನ್ಯಾಯಾಧೀಶರು ಇನ್ನೊಮ್ಮೆ ಬಿಡಿಸಿ ಹೇಳಲು ಕೇಳಿದರು. ತಾನು ಬೇಕರಿಯ ಸೊಸೆ, ಬಲ್ಲದ್ದರಲ್ಲೇ ಹೇಳುತ್ತೇನೆ ಎಂದು ಅವಳು ಶುರುಮಾಡಿದಳು. ನಾದಿದ ಹಿಟ್ಟು ಒಲೆಯ ಪಕ್ಕ ಒಂದು ತಾಸಿನಲ್ಲಿ ಉಬ್ಬುತ್ತದೆ. ತಣ್ಣನೆ ಕೋಣೆಯಲ್ಲಿ ಅಷ್ಟೇ ಉಬ್ಬಲು ನಾಲ್ಕು ತಾಸು ಬೇಕು. ತಣ್ಣನೆ ಕೋಣೆಗೆ ಹೋಗಿ ಪೂರ್ತಿ ಉಬ್ಬಿದ ಹಿಟ್ಟು ನೋಡಿದ ಮೇಲೆ, ಈಗಷ್ಟೇ ನಾದಿದ್ದು ಎಂದು ಯಾರಾದರೂ ಹೇಳಿದರೆ ನಂಬಬಾರದು. ಹಿಂದಿನ ಬೆಂಚಿನಿಂದ ಅತ್ತೆ, "ಐದು ತಾಸೇ ಬೇಕು," ಎಂದು ತಿದ್ದಿದರು. ನ್ಯಾಯಾಧೀಶರು ಕಣ್ಣು ಕಿರಿದು ಮಾಡಿ ನೋಡಿದ್ದಕ್ಕೆ ಸೆರಗು ಸರಿಮಾಡಿಕೊಂಡು ಸುಮ್ಮನಾದರು.

ವಕೀಲ ಬಿಡಲಿಲ್ಲ. ಅವನಿಗೂ ಈ ಲೆಕ್ಕ ಅರ್ಥವಾಗಿತ್ತು, ಅದನ್ನೇ ತಿರುಗಿಸಲು ನೋಡಿದ. ಎಸಿ ಮಂಗಳವಾರದಿಂದ ಓಡುತ್ತಿತ್ತೆಂದು ಯಾರು ಕಂಡವರು? ಮೇಷ್ಟರು ಶುಕ್ರವಾರ ಪತ್ರ ಕೊಟ್ಟು, ಮನೆಗೆ ಬಂದು ಸತ್ತರು ಎಂದಿಟ್ಟುಕೊಳ್ಳಿ. ಎಸಿ ಆಗ ಆರಿತ್ತು. ಮುಚ್ಚಿದ ಕೋಣೆ, ಹಗಲ ಬಿಸಿಲಿಗೆ ಕಾದ ಹೆಂಚಿನ ಹಾಗಿತ್ತು. ಹುಳುಗಳು ಎರಡೇ ದಿನದಲ್ಲಿ ದಪ್ಪಗಾದವು. ಹೀಗಾಗಬಹುದೋ ಇಲ್ಲವೋ, ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿ ಎಂದ.

ಅಷ್ಟು ಬಿಸಿಯಿದ್ದರೆ ಆಗಬಹುದು, ಹೌದು ಎಂದಳು ನೊಣದಕ್ಕ. ವಕೀಲ ಗೆದ್ದವನ ಹಾಗೆ ಕೂರಲು ಹೊರಟ.

"ಒಂದೇ ಒಂದು ಅನುಮಾನ ಸ್ವಾಮಿ," ಎಂದಳು ಅವಳು, ಬಹಳ ವಿನಯದಿಂದ. "ಪೊಲೀಸ್ರು ಬಾಗಿಲು ಒಡೆದಾಗ ಎಸಿ ಓಡ್ತಿತ್ತು. ಬೀಗ ಹಾಕಿದ ಮನೆ. ಹಾಗಾದ್ರೆ ಸೆಕೆ ತಡೀಲಾರದೆ ಎದ್ದು ಎಸಿ ಹಾಕಿ ಮತ್ತೆ ಕೂತಿದ್ದು ಮೇಷ್ಟ್ರೇನಾ?"

ಹಿಂದೆ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಲು ಶುರುಮಾಡಿದರು, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದರು. ವಕೀಲ ನೀರು ಕೇಳಿದ. ಅದಾದ ಮೇಲೆ ಗಾಳಿ ಮೇಡಂ ಬಂದು ಮೊಲ, ಇಲಿ, ಗಿಳಿಗಳ ಪಟ್ಟಿ ಓದಿದಾಗ ತಮ್ಮನ ಮಗನ ಮುಖ ಸುಣ್ಣದ ಹಾಗಾಗಿತ್ತು. ಪತ್ರ ಬರೆಯುವ ಗೆಳೆಯ ಮಧ್ಯಾಹ್ನದ ಹೊತ್ತಿಗೆ ಎಲ್ಲ ಒಪ್ಪಿಕೊಂಡ. ಸಂಜೆಗೆ ಇವನೂ ಬಾಯಿಬಿಟ್ಟ.

ಆಗಿದ್ದು ಇಷ್ಟು. ಮಂಗಳವಾರ ಸಂಜೆ ಅವನು ಫ್ಲ್ಯಾಟಿನ ಮಾತೆತ್ತಲು ಹೋಗಿದ್ದ. ಎಷ್ಟು ಬಡಿದರೂ ಬಾಗಿಲು ತೆರೆಯಲಿಲ್ಲ. ಹಿಂದೆಂದೋ ಮಾಡಿಸಿಟ್ಟುಕೊಂಡಿದ್ದ ನಕಲಿ ಕೀಲಿಯಿಂದ ಒಳಗೆ ಹೋದರೆ ದೊಡ್ಡಪ್ಪ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು. ಅಳಬೇಕಾದವನಿಗೆ ಲೆಕ್ಕ ಹೊಳೆಯಿತು. ಛಾಪಾ ಕಾಗದ ಸಿಕ್ಕು ಪತ್ರ ಸಿದ್ಧವಾಗಲು ಮೂರು ದಿನ ಬೇಕು, ಕಾಗದದ ಮೇಲೆ ಕೊಂಡ ದಿನದ ತಾರೀಕೇ ಬೀಳುತ್ತದೆ, ಅಲ್ಲಿಯವರೆಗೆ ದೊಡ್ಡಪ್ಪ ಕೆಡಬಾರದು. ತೆರೆದಿದ್ದ ಕಿಟಕಿಗಳನ್ನೆಲ್ಲ ಮುಚ್ಚಿ ಎಸಿ ಹಾಕಿ ಹೋದ. ಶುಕ್ರವಾರ ಪತ್ರದೊಡನೆ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡ. ಅವನು ಕಿಟಕಿ ಮುಚ್ಚುವುದಕ್ಕೆ ಮೊದಲೇ ನೊಣ ಬಂದು, ತನ್ನ ಕೆಲಸ ಮುಗಿಸಿಕೊಂಡು ಹೋಗಿತ್ತು ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಅವನಿಗೆ ಮೂರು ವರ್ಷ, ಗೆಳೆಯನಿಗೆ ಒಂದು ವರ್ಷ ಸೆರೆಯಾಯಿತು. ಫ್ಲ್ಯಾಟು ಮೇಷ್ಟರ ತಂಗಿಗೆ ಸೇರಿತು. ತೀರ್ಪಿನ ದಿನ ಅವರು ಬಂದು ನೊಣದಕ್ಕನ ಕೈ ಹಿಡಿದುಕೊಂಡರು. ಅಣ್ಣನಿಗೆ ಸಹಿಯ ಮೇಲೆ ಎಷ್ಟು ಅಭಿಮಾನವಿತ್ತು ಗೊತ್ತಾ ಎಂದಷ್ಟೇ ಅಂದರು. ಇಷ್ಟು ವರ್ಷಗಳಲ್ಲಿ ನೊಣದಕ್ಕ ಕಚೇರಿಯ ಕೆಲಸಕ್ಕಾಗಿ ಕಣ್ಣೊರೆಸಿಕೊಂಡದ್ದು ಅವತ್ತೊಂದೇ ದಿನ.

ಅತ್ತೆ ಈಗ ಗಲ್ಲಾದಲ್ಲಿ ಕೂತು, ಕೇಳಿದವರಿಗೂ ಕೇಳದವರಿಗೂ ಕಥೆ ಹೇಳುತ್ತಾರೆ. ಅವರ ಕಥೆಯಲ್ಲಿ ಐದು ತಾಸು ಎಂದು ತಿದ್ದಿದ ಭಾಗ ತೀರ್ಪಿಗಿಂತ ಉದ್ದವಾಗಿರುತ್ತದೆ. ಇಲಾಖೆ ನೊಣದಕ್ಕನಿಗೆ ಒಂದು ಮೆಚ್ಚುಗೆ ಪತ್ರ ಕೊಟ್ಟಿತು, ಹುದ್ದೆ ಮಾತ್ರ ಅಟೆಂಡರ್ ಎಂದೇ ಉಳಿಯಿತು. ಜೊತೆಗೊಂದು ಹೊಸ ಕೆಲಸ ಅಂಟಿಕೊಂಡಿತು. ಹೊಸದಾಗಿ ಸೇರಿದ ಪೊಲೀಸರಿಗೆ ತಿಂಗಳಿಗೊಮ್ಮೆ ಅವಳದೇ ಪಾಠ. ಹೋದ ತಿಂಗಳು ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಒಬ್ಬ ಪೇದೆ ಜಾಡಿ ಕಂಡು ಗೋಡೆಗೆ ಅಂಟಿ ನಿಂತನಂತೆ. ಅವಳು ಅವನ ಅಂಗೈ ಹಿಡಿದು ಬಿಡಿಸಿ ಒಂದು ಹುಳು ಇಟ್ಟಳು. ಏನನ್ನಿಸುತ್ತಿದೆ ಎಂದು ಕೇಳಿದಳು. ಕಣ್ಣು ಮುಚ್ಚಿಕೊಂಡೇ ಅವನು, ಕಚಗುಳಿ ಆಗ್ತಿದೆ ಮೇಡಂ ಎಂದ.

"ಆಗಲಿ," ಎಂದಳು ನೊಣದಕ್ಕ. "ಈಗ ಇನ್ನೊಂದು ಕೈಯಲ್ಲಿ ಪೆನ್ನು ತಗೊಂಡು ತಾರೀಕು, ಹೊತ್ತು, ಕೋಣೆ ಶಾಖ ಬರೀರಿ."